ಸರಸ್ವತಿ ಮುಂದಿಟ್ಟ ಫುಟ್‌ಬಾಲ್ ಕಾಮಿಕ್ಸ್

ವಿಶ್ವಾಸ್,

ಮರ್ಸರ್ ಐಲ್ಯಾಂಡಿಗೆ ಹೊರಟಿದೀನಿ, ಮೈತ್ರಿ ಮನೇಲಿ ಗೊಂಬೆ ಕೂರಿಸಿದಾರೆ. ನೀನು ಗೊರಕೆ ಹೊಡೀತಿದ್ದೆ, ಎಬ್ಬಿಸಲಿಲ್ಲ. ಬಿಸಿಬೇಳೆಬಾತ್ ಸ್ಟೌ ಮೇಲಿದೆ. ಮಂಡಿಗೆ ಐಸ್ ಪ್ಯಾಕ್ ಫ್ರೀಜರಲ್ಲಿದೆ, ಕುಂಟ್ಕೊಂಡೇ ಹೋಗಿ ತಗೋ.

ಅಮೆರಿಕಕ್ಕೆ ಬಂದೂ, ಜಪಾನಿನ ಹೈಸ್ಕೂಲ್ ಹುಡುಗರ ಕಾಮಿಕ್ಸ್ ಓದಿ ಅಮೆರಿಕನ್ ಫುಟ್‌ಬಾಲ್ ಕಲಿತ ಮಹಾಶಯ ಈ ಊರಲ್ಲಿ ನೀನೊಬ್ಬನೇ ಇರಬೇಕು. ನಿನ್ನೆ ಇಸ್ಸಾಕ್ವಾ ಪಾರ್ಕಲ್ಲಿ, ಆಫೀಸಿನವರೆಲ್ಲ ನೋಡ್ತಿರುವಾಗ, ಆಡೋಕೆ ಹೋಗಿ ಯಾರೂ ಮುಟ್ಟದೇನೇ ಬಿದ್ದೆಯಲ್ಲ! ಆ ಪುಸ್ತಕದ ಹೀರೋ, ಆ ಕುಳ್ಳನಿಗೆ ಇನ್ನೂ ಮೀಸೆ ಬಂದಿಲ್ಲ ಕಣಪ್ಪಾ. ನಿಂಗೆ ಹೊಟ್ಟೆ ಬಂದಿದೆ.

ಸೋಫಾದಲ್ಲಿ ಬಿದ್ಕೊಂಡು ಆ ಕಾಮಿಕ್ಸನ್ನೇ ಮತ್ತೆ ಓದೋ ಆಸೆ ಬಿಡು. ಮೊನ್ನೆ ಸರಸ್ವತಿ ಪೂಜೆಗೆ ನಿನ್ನ ಪುಸ್ತಕ ಇಡು ಅಂದ್ರೆ, "ನಂಗೆ ವಿದ್ಯೆ ಕೊಟ್ಟಿದ್ದು ಇವೇ" ಅಂತ ಇದ್ದಬದ್ದ ಭಾಗಗಳನ್ನೆಲ್ಲ ತಂದು ದೇವರ ಮುಂದೆ ಪೇರಿಸಿದ್ದು ನೀನೇ. ವಿಜಯದಶಮಿವರೆಗೆ ಮುಟ್ಟೋ ಹಾಗಿಲ್ಲ. ಅನುಮಾನ ಇದ್ರೆ ನಿಮ್ಮಮ್ಮಂಗೆ ಕಾಲ್ ಮಾಡಿ ಕೇಳು, ಯಾವ ಪುಸ್ತಕ ಇಟ್ಟಿದೀಯ ಅಂತಾನೂ ಹೇಳು.

ನಿನ್ನೆ ಪಾರ್ಸೆಲಲ್ಲಿ ಬಂದ ಕೊನೇ ಭಾಗವನ್ನ ಹುಡುಕಬೇಡ, ಅದು ನನ್ನ ಬ್ಯಾಗಲ್ಲಿದೆ. ಎಂಥಾ ದರಿದ್ರ ಕಥೆ ಅಂತ ಬೈಕೊಂಡೇ ಬೆಳಿಗ್ಗೆ ಕಾಫಿ ಜೊತೆ ಓದಿ ಮುಗಿಸಿದೆ. ಫೈನಲ್‌ಗೆ ಮುಂಚೆ ನಿನ್ನ ಕುಳ್ಳನಿಗೂ ಮಂಡಿ ಊದುತ್ತೆ. ಅವನು ನಿನ್ನ ಹಾಗೆ "ಏನೂ ಆಗಿಲ್ಲ, ಏನೂ ಆಗಿಲ್ಲ" ಅಂತ ಜಂಬ ಕೊಚ್ಚಲ್ಲ, ನೆಟ್ಟಗೆ ಡಾಕ್ಟರ್ ಹತ್ರ ಹೋಗ್ತಾನೆ. ಆ ಪೆದ್ದನಿಗೇ ಅಷ್ಟು ಬುದ್ಧಿ ಇದೆ.

ಡಾಕ್ಟರಿಗೆ ಕಾಲ್ ಮಾಡು. ಅಪಾಯಿಂಟ್‌ಮೆಂಟ್ ಸಿಕ್ಕಿದ ಮೇಲೆ ಮೆಸೇಜ್ ಹಾಕು. ಅವನು ಗೆದ್ದನೋ ಸೋತನೋ ಆಗ ಹೇಳ್ತೀನಿ.

ರಜನಿ