ನನ್ನ ಹೆಂಡತಿಯ ರಕ್ತಪರೀಕ್ಷೆಯ ಕಾಗದ ಕೊಡಿ

ಮಾನ್ಯ ನಿರ್ದೇಶಕರೇ,

ವಿಷಕಾರಿ ರಾಸಾಯನಿಕಗಳನ್ನು ತೊಡೆದುಹಾಕುವ ಅಂತರರಾಷ್ಟ್ರೀಯ ಒಪ್ಪಂದವನ್ನು ನಮ್ಮ ದೇಶ ಪಾಲಿಸಲೆಂದು ಹೊರಗಿನ ನಿಧಿಯಿಂದ ಬಂದ ನೆರವಿನ ಉಸ್ತುವಾರಿ ನಿಮ್ಮದು. ಆ ಯೋಜನೆಯವರು ನನ್ನ ಹೆಂಡತಿಯ ತೋಳಿನಿಂದ ರಕ್ತ ತೆಗೆದು ಮೂರು ವರ್ಷವಾಯಿತು. ಅದರಲ್ಲಿ ಏನು ಸಿಕ್ಕಿತೆಂದು ಇವತ್ತಿನವರೆಗೂ ಹೇಳಿಲ್ಲ. ನಿಮ್ಮ ಕಚೇರಿಯಲ್ಲಿ ಕೇಳಿ ಕೇಳಿ ಸಾಕಾಗಿ, ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಟ್ರಾನ್ಸ್‌ಫಾರ್ಮರ್ ರಿಪೇರಿ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಮುಚ್ಚಳ ಬಿಚ್ಚಿ, ಎಣ್ಣೆ ಇಳಿಸಿ, ಸುಟ್ಟ ಸುರುಳಿಗಳನ್ನು ಸರಪಳಿ ಹಾಕಿ ಮೇಲೆತ್ತುವುದು ನನ್ನ ಕೆಲಸ. ಹಳೆಯ ಕೆಲವು ಟ್ಯಾಂಕುಗಳಲ್ಲಿ ಸುಲಭವಾಗಿ ಬೆಂಕಿ ಹತ್ತದ ಒಂದು ಎಣ್ಣೆ ಇರುತ್ತಿತ್ತು. ಮೊಣಕೈವರೆಗೂ ಅದರಲ್ಲಿ ಕೈ ಅದ್ದಿದ್ದೇವೆ. ಕೀಲುನೋವಿಗೆ ಅದು ರಾಮಬಾಣವೆಂದು ಶೆಡ್ಡಿನಲ್ಲಿ ಎಲ್ಲರ ನಂಬಿಕೆ. ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ದಿನವಿಡೀ ಮೆಷಿನ್ ತುಳಿದು ಅವಳ ಮಂಡಿ ಹಿಡಿದುಕೊಳ್ಳುತ್ತಿತ್ತು. ಕೆಮ್ಮಿನ ಔಷಧಿಯ ಖಾಲಿ ಬಾಟಲಿಯಲ್ಲಿ ಆ ಎಣ್ಣೆ ತುಂಬಿಸಿ ಮನೆಗೆ ತಂದವನು ನಾನೇ. ವಾಸನೆ ಒಂಥರಾ ಇದ್ದರೂ ನೋವು ಇಳಿಯುತ್ತದೆ ಎನ್ನುತ್ತಿದ್ದಳು. ಒಂಬತ್ತು ವರ್ಷ ತಿಕ್ಕಿಕೊಂಡಳು.

ಆಮೇಲೆ ನಿಮ್ಮವರು ಬಂದರು. ಬಿಳಿ ಉಡುಪು, ಕೈಗವಸು, ಮುಖಕ್ಕೆ ಮುಸುಕು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ನಾವು ಬರಿಗೈಯಲ್ಲಿ ತುಂಬಿಟ್ಟ ಪೀಪಾಯಿಗಳಿಗೆ ಎಚ್ಚರಿಕೆಯ ಚೀಟಿ ಅಂಟಿಸಿದರು. ನಾನು ನೆರವಿನ ವಿರೋಧಿಯಲ್ಲ. ಪೀಪಾಯಿಗಳನ್ನು ಸಾಗಿಸಿದ್ದೀರಿ, ಅದು ಒಳ್ಳೆಯ ಕೆಲಸವೇ. ಕೆಲಸಗಾರರ, ಮನೆಯವರ ರಕ್ತ ಪರೀಕ್ಷಿಸುತ್ತೇವೆ ಎಂದಾಗ ನನ್ನ ಹೆಂಡತಿ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಸಾಲಿನಲ್ಲಿ ಮೊದಲು ನಿಂತಳು. ಒಪ್ಪಿಗೆಗೆ ಸಹಿ ಹಾಕುತ್ತಾ, "ಇಷ್ಟು ವರ್ಷ ಸೊಳ್ಳೆ ಕುಡೀತು, ಒಂದು ಸಹಿನೂ ಕೇಳಲಿಲ್ಲ" ಎಂದಳು. ಸೂಜಿ ಹಿಡಿದಿದ್ದ ಹುಡುಗಿಯೂ ನಕ್ಕಳು.

ಅದೇ ದಿನ ನಿಮ್ಮ ರಸಾಯನತಜ್ಞರು ಗಂಡಸರನ್ನು ಶೆಡ್ಡಿನೊಳಗೆ ಕೂರಿಸಿ, ಆ ಎಣ್ಣೆ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ವರ್ಷಗಟ್ಟಲೆ ದೇಹ ಬಿಟ್ಟು ಹೋಗುವುದಿಲ್ಲ ಎಂದು ವಿವರಿಸಿದರು. ಹೆಂಗಸರನ್ನು ಏಕೆ ಕರೆಯಲಿಲ್ಲ? ಎಣ್ಣೆಗೆ ಶೆಡ್ಡಿನ ಗೇಟು ದಾಟಲು ಅನುಮತಿ ಬೇಕೆಂದು ನಂಬಿದ್ದಿರೇ? ಮನೆಗೆ ಬಂದವನೇ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಮರುದಿನ ನಿಮ್ಮವರ ಪೀಪಾಯಿಗೆ ಹಾಕಿ ಬಂದೆ. "ರೀ, ಎಣ್ಣೆ ಎಲ್ಲಿ?" ಎಂದಳು. "ಮುಗೀತು. ಇನ್ನು ಸಿಗಲ್ಲ" ಎಂದೆ. ನಿಜ ಹೇಳಲು ನಾಲಿಗೆ ಏಳಲಿಲ್ಲ. ಕಾಗದ ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಕಾಗದ ಬರಲಿಲ್ಲ. ಹದಿನಾಲ್ಕು ತಿಂಗಳಿಗೆ ಯಕೃತ್ತಿನ ಕಾಯಿಲೆಯಿಂದ ಅವಳು ತೀರಿಕೊಂಡಳು. ಎಣ್ಣೆಯಿಂದಲೇ ಎಂದು ಹೇಳಲಾಗದು, ಅಲ್ಲ ಎಂದೂ ಹೇಳಲಾಗದು ಎಂದು ವೈದ್ಯರು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಆಸ್ಪತ್ರೆಯ ಹಾಸಿಗೆಯಲ್ಲೂ ಅವಳು ಆ ಕಾಗದ ಬಂತೇ ಎಂದು ಕೇಳುತ್ತಿದ್ದಳು. ಅವಳಿಗೆ ಹೇಳದೆ ಹೋದದ್ದನ್ನು ಈಗ ಗುರುತಿಲ್ಲದ ಸಾವಿರ ಜನಕ್ಕೆ ಹೇಳುತ್ತಿದ್ದೇನೆ. ಒಬ್ಬಳಿಗೆ ಹೇಳುವುದೇ ಕಷ್ಟವಾಗಿತ್ತು.

ನಿಮ್ಮ ಕಚೇರಿಗೆ ಬಂದಾಗ ಗುಮಾಸ್ತರು ನನ್ನ ಕಾಗದವನ್ನು ಕೊಟ್ಟರು: ರಕ್ತದಲ್ಲಿ ವಿಷದ ಅಂಶ ಮಿತಿಗಿಂತ ಹೆಚ್ಚು. ಹೆಂಡತಿಯದು ಕೇಳಿದೆ. "ಅದು ಗೋಪ್ಯ. ಅವರೇ ಬಂದು ತಗೋಬೇಕು" ಎಂದರು. ತೀರಿಕೊಂಡಳು ಎಂದೆ. ಕಡತ ತಿರುವಿ ಹಾಕುತ್ತಾ, "ಹಾಗಾದ್ರೆ ಅವರ ಒಪ್ಪಿಗೆ ಪತ್ರ ಬೇಕಾಗುತ್ತೆ" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ; ಹಾಗೆ ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಹೊರಬರುವಾಗ ಮೇಜಿನ ಮೇಲಿದ್ದ ನಿಮ್ಮ ಸಮಾರೋಪ ವರದಿ ಕಣ್ಣಿಗೆ ಬಿತ್ತು. ರಕ್ಷಾಪುಟದಲ್ಲಿ, ರಕ್ತ ಕೊಟ್ಟ ತೋಳು ಮಡಚಿ ನಗುತ್ತಿರುವವಳು ನನ್ನ ಹೆಂಡತಿ. ಕೆಳಗೆ 'ಸಮುದಾಯದ ಸಹಭಾಗಿತ್ವ' ಎಂದು ಅಚ್ಚಾಗಿದೆ. ಅವಳ ಮುಖ ಜಗತ್ತಿಗೆಲ್ಲ ಬಹಿರಂಗ, ಅವಳ ರಕ್ತ ಮಾತ್ರ ಗಂಡನಿಗೂ ಗೋಪ್ಯ. ಇದು ಯಾವ ಒಪ್ಪಂದದ ಯಾವ ಕಲಮು ಸ್ವಾಮಿ?

ಹಳೆಯ ಜೊತೆಗಾರರ ಮನೆಗಳಿಗೆ ನಾನೇ ಹೋಗಿ, ಎಣ್ಣೆ ಉಳಿದಿದ್ದರೆ ಹಚ್ಚಬೇಡಿ, ಯೋಜನೆಯವರಿಗೆ ಒಪ್ಪಿಸಿ ಎಂದು ಹೇಳಿಬಂದೆ. ಒಬ್ಬರ ತಾಯಿ ಬಾಟಲಿ ತಂದು ಮುಂದಿಟ್ಟರು. ಇನ್ನೊಬ್ಬರು ಇಲ್ಲದ ಭಯ ಹುಟ್ಟಿಸಬೇಡ ಎಂದು ಬಾಗಿಲು ಹಾಕಿಕೊಂಡರು. ಈ ತಿರುಗಾಟ ನಿಮ್ಮ ಯೋಜನೆಯ ಕೆಲಸವಾಗಬೇಕಿತ್ತು.

ಪರಿಹಾರ ಕೇಳುತ್ತಿಲ್ಲ. ರಕ್ತ ಕೊಟ್ಟ ಪ್ರತಿಯೊಬ್ಬರ ಮನೆಗೂ ಅವರವರ ಕಾಗದ ತಲುಪಿಸಿ, ಅದರ ಅರ್ಥ ಬಿಡಿಸಿ ಹೇಳಬಲ್ಲ ಒಬ್ಬರನ್ನು ಜೊತೆಗೆ ಕಳಿಸಿ. ನನ್ನ ಹೆಂಡತಿಯದನ್ನು ನನಗೆ ಕೊಡಿ. ತಪ್ಪು ನನ್ನದೆಂದು ಅದು ಹೇಳಿದರೂ ಕೊಡಿ, ಅಲ್ಲವೆಂದರೂ ಕೊಡಿ. ಇವೆರಡರ ನಡುವೆ ಒಬ್ಬನೇ ಬದುಕುವುದು ನನ್ನಿಂದ ಆಗುತ್ತಿಲ್ಲ.

ಇಂತಿ,
ಯಾವ ಹೊತ್ತಿಗೆ ಬಂದರೂ ಮನೆಯಲ್ಲೇ ಸಿಗುವ
ಒಬ್ಬ ನಿವೃತ್ತ ಮೆಕ್ಯಾನಿಕ್