ಮಿರ್ಜಾನ ಬಿರುದಾವಳಿಯಲ್ಲಿ ನಾನು ಬಿಟ್ಟ ಮಾತು

ಹಳೇನಗರ, ಭದ್ರಾವತಿ
೯ ಮಾರ್ಚ್ ೨೦೨೫, ಭಾನುವಾರ

ದಾವಣಗೆರೆಯ ಆ ಮನೆಯಲ್ಲಿ ಮಂಚದ ಸುತ್ತ ನೆರೆದಿರುವ ಮಹಾಜನಗಳೇ, ತಾಯಂದಿರೇ, ಬಾಗಿಲಿಗೆ ಒರಗಿ ಕಿವಿಗೊಟ್ಟಿರುವ ಪಕ್ಕದ ಮನೆಯವರೇ, ಎಲ್ಲರೂ ಸ್ವಲ್ಪ ಮುಂದೆ ಬಂದು ಕೂತುಕೊಳ್ಳಿ. ಪೂಜಿತಾ, ನಿನ್ನ ಅಪ್ಪನಿಗೆ ಕಾಗದ ಓದಿ ಹೇಳುವವಳು ನೀನೇ ಎಂದು ಗೊತ್ತು. ಗಂಟಲು ಸರಿಮಾಡಿಕೊಂಡು ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಓದು. ಓದುತ್ತಾ ಓದುತ್ತಾ ಚಿಕ್ಕಪ್ಪನ ಮರ್ಯಾದೆ ಉಳಿಸೋಣ ಎನಿಸಿದರೂ ಒಂದು ಅಕ್ಷರ ನುಂಗಬೇಡ.

ಪ್ರೀತಿಯ ಅಣ್ಣಾ, ನಿನ್ನ ತಮ್ಮ ಸುಬ್ಬಪ್ಪನ ನಮಸ್ಕಾರಗಳು. ಸೊಂಟದ ನೋವು ಹೇಗಿದೆ? ವಾಕರ್ ಹಿಡಿದು ಅಡುಗೆಮನೆಯವರೆಗೂ ಹೋಗಿ, ಅತ್ತಿಗೆ ಕಾಫಿಗೆ ಸಕ್ಕರೆ ಹಾಕುವುದನ್ನು ಕಾವಲು ಕಾಯುತ್ತೀಯಂತೆ. ಪೂಜಿತಾ ಹೇಳಿದಳು. ಹೊಲಿಗೆ ಬಿಚ್ಚಿದ ಜಾಗ ತುರಿಸಿದರೆ ಕೆರೆಯಬೇಡ, ಕೊಬ್ಬರಿ ಎಣ್ಣೆ ಸವರು. ಇಲ್ಲಿ ಪುಷ್ಪಾಳ ಮಂಡಿ ನೋವು ಹಾಗೇ ಇದೆ, ಅವಳ ಬಾಯಿಯೂ ಹಾಗೇ ಇದೆ. ನೀನು ಮೊದಲು ಕೇಳುವುದು ನಿನ್ನ ಕುದುರೆ ಮಿರ್ಜಾನನ್ನೇ ಎಂದು ಗೊತ್ತು. ಚೆನ್ನಾಗಿದ್ದಾನೆ. ಬೆಳಿಗ್ಗೆ ನೆನೆಸಿದ ಕಡಲೆ, ಸಂಜೆ ಬೂಸಾ, ನಡುವೆ ಹಸಿಹುಲ್ಲು. ಹಲ್ಲು ಸವೆದಿರುವುದರಿಂದ ಹುಲ್ಲನ್ನು ಸಣ್ಣಗೆ ಕೊಚ್ಚಿ ಹಾಕುತ್ತಿದ್ದೇನೆ. ನೀನು ಆಪರೇಷನ್ನಿಗೆಂದು ಮಗಳ ಮನೆಗೆ ಹೋದ ದಿನದಿಂದ ಗೇಟಿನ ಸದ್ದಾದಾಗಲೆಲ್ಲ ತಲೆಯೆತ್ತುತ್ತಾನೆ, ಬಂದವನು ನಾನು ಎಂದು ತಿಳಿದ ಕೂಡಲೇ ಮುಖ ತಿರುಗಿಸುತ್ತಾನೆ.

ಫೋನಿನಲ್ಲೇ ಹೇಳಬಹುದಾಗಿದ್ದನ್ನು ಕಾಗದದಲ್ಲಿ ಯಾಕೆ ಬರೆಯುತ್ತಿದ್ದಾನೆ ಎಂದು ನೀನು ಹುಬ್ಬು ಗಂಟಿಕ್ಕಿರುತ್ತೀಯ. ಎರಡು ಸಲ ಫೋನ್ ಮಾಡಿದೆ. ನಿನ್ನ ದನಿ ಕೇಳಿದ ತಕ್ಷಣ ನನ್ನ ದನಿ ತಾನಾಗಿಯೇ ಮೇಲಕ್ಕೇರಿ, ಸಭಾಸದರೆಲ್ಲ ಕುಶಲವೇ ಎಂದು ಶುರುಮಾಡಿಬಿಟ್ಟಿತು. ಹದಿನಾರನೇ ವಯಸ್ಸಿನಲ್ಲಿ ನಾಟಕ ಕಂಪನಿಯ ಲಾರಿ ಹತ್ತಿದವನ ಗಂಟಲು ಇದು. ಇದಕ್ಕೆ ನಿಜ ಹೇಳುವ ಅಭ್ಯಾಸ ಕಡಿಮೆ. ಕಾಗದಕ್ಕೆ ಚಪ್ಪಾಳೆ ತಟ್ಟುವವರಿಲ್ಲ.

ನಮ್ಮ ಮಿರ್ಜಾನ ಕಥೆಯನ್ನು ನಾನು ಎಷ್ಟು ವೇದಿಕೆಗಳಲ್ಲಿ ಹೇಳಿಲ್ಲ. ಅರಬ್ಬೀ ಮರಳುಗಾಡಿನ ರಕ್ತ, ಬೆಳದಿಂಗಳಿನ ಬಣ್ಣ, ತಟ್ಟೆಯ ಹಾಗೆ ಒಳಗೆ ಬಾಗಿದ ಮುಖ, ಓಡುವಾಗ ಬಾವುಟದಂತೆ ಮೇಲೇಳುವ ಬಾಲ. ಇಷ್ಟಕ್ಕೇ ಜನ ಕುರ್ಚಿಯ ತುದಿಗೆ ಬರುತ್ತಿದ್ದರು. ಆಮೇಲೆ ಕಂಟ್ರಾಕ್ಟರ ಮನೆಯ ದೃಶ್ಯ. ಮಗನಿಗೆಂದು ದೂರದ ಸ್ಟಡ್ ಫಾರ್ಮಿನಿಂದ ತರಿಸಿದ ಗಂಡು ಮರಿ, ಬಂದ ತಿಂಗಳಲ್ಲೇ ಅವರ ಕಾರು ಪಲ್ಟಿಯಾದದ್ದು, ಮನೆಯ ಹಿರಿಯಮ್ಮ ಕುದುರೆಯ ಮುಂಗೂದಲು ಎತ್ತಿ ಹಣೆಯಲ್ಲಿ ಎಡಗಣ್ಣಿನ ಕಡೆಗೆ ವಾಲಿದ ಜೋಡಿ ಸುಳಿ ಕಂಡು, 'ಇದು ಮನೆ ತೊಳಿಯೋ ಸುಳಿ, ಸಂಜೆಯೊಳಗೆ ಆಚೆ ಕಳಿಸಿ' ಎಂದದ್ದು. ಕಾರ್ಖಾನೆಯ ಪಾಳಿ ಮುಗಿಸಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ನೀನು, 'ಯಾರಿಗೂ ಬೇಡದಿದ್ರೆ ನನಗಿರ್ಲಿ' ಎಂದದ್ದು. ಒಂದು ಕೈಯಲ್ಲಿ ಸೈಕಲ್, ಇನ್ನೊಂದು ಕೈಯಲ್ಲಿ ಹಗ್ಗ, ಭದ್ರಾ ಸೇತುವೆಯ ಮೇಲೆ ನೀವಿಬ್ಬರೂ ನಡೆದು ಬಂದದ್ದು. ಆ ದೃಶ್ಯಕ್ಕೆ ನಾನು ಪ್ರತಿ ಸಲವೂ ಗುಡುಗು ಮಿಂಚು ಸೇರಿಸುತ್ತಿದ್ದೆ. ಅವತ್ತು ಮೋಡವೇ ಇರಲಿಲ್ಲ ಎಂದು ನೀನು ಗೊಣಗುತ್ತಿದ್ದೆ.

ಆದರೆ ಅವನ ಸಂತತಿಯ ವಿಷಯದಲ್ಲಿ ನಾನು ಉಪ್ಪು ಖಾರ ಹಚ್ಚಬೇಕಾಗಿಯೇ ಇರಲಿಲ್ಲ. ಆಯನೂರು, ಶಂಕರಘಟ್ಟ, ತರೀಕೆರೆ ಎಲ್ಲ ಕಡೆಯಿಂದ ಹೆಣ್ಣು ಕುದುರೆಗಳನ್ನು ಕ್ರಾಸ್ ಮಾಡಿಸಲು ನಮ್ಮ ಗೇಟಿಗೇ ತಂದರು. ಈಗ ಶಿವಮೊಗ್ಗದಲ್ಲಿ ಯಾವ ಮದುವೆ ದಿಬ್ಬಣ ಹೊರಟರೂ ಮದುಮಗ ಕೂತಿರುವುದು ಮಿರ್ಜಾನ ಮಗನ ಮೇಲೆ, ಇಲ್ಲವೇ ಮೊಮ್ಮಗಳ ಮೇಲೆ. ಪಟಾಕಿ ಸಿಡಿದರೂ ಕದಲದ ಕುದುರೆಗಳು, ಬ್ಯಾಂಡ್ ಶುರುವಾದರೆ ತಾಳಕ್ಕೆ ಕಾಲು ಹಾಕುವ ಕುದುರೆಗಳು. ವಿದ್ಯಾನಗರದಲ್ಲಿ ಒಂದೇ ರಸ್ತೆಯಲ್ಲಿ ಎರಡು ದಿಬ್ಬಣ ಎದುರಾದಾಗ ಎರಡೂ ಕುದುರೆಗಳು ಕೆನೆಯುತ್ತಾ ಒಂದರ ಕುತ್ತಿಗೆಗೊಂದು ಮೂಗು ತಿಕ್ಕಿ ನಿಂತುಬಿಟ್ಟವಲ್ಲ. ಇಬ್ಬರು ಮದುಮಗಂದಿರೂ ಪೇಟ ಹಿಡಿದುಕೊಂಡು ಕಂಗಾಲು. ಜನಕ್ಕೆಲ್ಲ ಆಶ್ಚರ್ಯ, ನೀನು ಮಾತ್ರ, 'ಅಕ್ಕ ತಂಗಿ ಕಣ್ರೋ, ಎರಡು ನಿಮಿಷ ಮಾತಾಡ್ಲಿ ಬಿಡಿ' ಎಂದೆ.

ಇಲ್ಲಿಯವರೆಗೆ ಬಿರುದಾವಳಿ. ಇಲ್ಲಿಂದ ಮುಂದಿನದನ್ನು ನಾನು ಯಾವ ವೇದಿಕೆಯಲ್ಲೂ ಹೇಳಿದವನಲ್ಲ.

ಶಂಕರಘಟ್ಟದವರು ಗೊತ್ತಿಲ್ಲದೆ ಮಿರ್ಜಾನ ಮಗನಿಗೆ ಮಿರ್ಜಾನ ಮಗಳನ್ನೇ ಕೊಡಿಸಿದ್ದರು. ಹುಟ್ಟಿದ ಮರಿ ಮೂರು ತಿಂಗಳು ಬೊಂಬೆಯಂತೆ ಇದ್ದು, ಆಮೇಲೆ ತಲೆ ಅದುರಲು ಶುರುವಾಯಿತು. ಹಾಲು ಕುಡಿಯಲು ಹೋದರೆ ಮೂತಿ ಕೆಚ್ಚಲಿಗೆ ಸಿಗದೆ ಆಚೀಚೆ ತೂಗುತ್ತಿತ್ತು. ನೆಲ ಎಲ್ಲಿದೆ ಎಂದು ತಿಳಿಯದವರ ಹಾಗೆ ಕಾಲು ಎತ್ತೆತ್ತಿ ಇಟ್ಟು, ಸಪಾಟು ಅಂಗಳದಲ್ಲೇ ಬೀಳುತ್ತಿತ್ತು. ನೀನು ಅದನ್ನು ಮನೆಗೆ ತಂದು, ಅದರ ಪಕ್ಕದಲ್ಲೇ ಗೋಣಿಚೀಲ ಹಾಸಿಕೊಂಡು ಮಲಗಿದೆ. ಕೊನೆಗೆ ಡಾಕ್ಟರ್ ವಿಷ್ಣುಪ್ರಸಾದ ಬಂದು, 'ಇದು ಮಿದುಳಿನದ್ದು, ವಾಸಿ ಆಗಲ್ಲ. ದೋಷ ಮಿರ್ಜಾನ ರಕ್ತದಲ್ಲಿದೆ. ಅವನಿಗೆ ಏನೂ ಆಗಲ್ಲ, ಮಕ್ಕಳಿಗೂ ಏನೂ ಆಗಲ್ಲ. ಆದ್ರೆ ಅದೇ ರಕ್ತ ಎರಡೂ ಕಡೆಯಿಂದ ಸೇರಿದ್ರೆ ಹೀಗೆ ಬರಬಹುದು' ಎಂದರು. ಅಂದಿನಿಂದ ನೀನು ಗೇಟಿಗೆ ಬಂದ ಪ್ರತಿಯೊಬ್ಬನಿಗೂ ಮೊದಲು ಹೇಳುತ್ತಿದ್ದುದು ಅದನ್ನೇ. 'ನಮ್ಮ ಕುದುರೇಲಿ ಒಂದು ಕೊರತೆ ಇದೆ ಮಾರಾಯ. ಅದನ್ನ ಕೇಳ್ಕೊ, ಆಮೇಲೆ ಅವನ ಚಂದ ನೋಡು.' ಮಾಲೀಕರ ಮಾತನ್ನು ನೀನು ನಂಬುತ್ತಿರಲಿಲ್ಲ. ಕುದುರೆ ಮೂರು ಕೈ ಬದಲಾದ ಮೇಲೆ ಅದರ ಅಪ್ಪ ಯಾರೆಂದು ಯಾರಿಗೆ ಗೊತ್ತು. ನೀನೇ ಮುಂಗೂದಲು ಎತ್ತಿ ನೋಡುತ್ತಿದ್ದೆ. ಎಡಕ್ಕೆ ವಾಲಿದ ಜೋಡಿ ಸುಳಿ ಕಂಡರೆ, ಇದು ಇವನ ಮಗಳು, ವಾಪಸ್ ಕರೆದುಕೊಂಡು ಹೋಗಿ ಎನ್ನುತ್ತಿದ್ದೆ. ಅಪಶಕುನವೆಂದು ದಲ್ಲಾಳಿಗಳು ಎಣ್ಣೆ ಹಚ್ಚಿ ಬಾಚಿ ಮುಚ್ಚಿಟ್ಟ ಸುಳಿಯಲ್ಲಿ ನೀನು ತಂದೆಯ ಹೆಸರು ಓದುತ್ತಿದ್ದೆ. ಆಪರೇಷನ್ನಿಗೆ ಹೊರಟಾಗ ನನಗೆ ವಹಿಸಿ ಹೋದದ್ದೂ ಆ ಒಂದೇ ಕೆಲಸ. 'ಸುಬ್ಬು, ಮಾತು ಎಷ್ಟಾದ್ರೂ ಆಡು. ಕೂದಲು ಎತ್ತದೆ ಮಾತ್ರ ಒಳಗೆ ಬಿಡಬೇಡ.'

ಹೋದ ತಿಂಗಳು ಹಳೇನಗರದ ಹುಡುಗರ ಬಳಗದವರು ಮಿರ್ಜಾನಿಗೆ ಸನ್ಮಾನ ಇಟ್ಟುಕೊಂಡರು. ನಿನಗೆ ಫೋಟೋ ಕಳಿಸಿದ್ದೆ, ಕುದುರೆಗೆ ಮೈಸೂರು ಪೇಟ, ಮೈಮೇಲೆ ಶಾಲು. ನನ್ನ ಕೈಗೆ ಮೈಕ್ ಕೊಟ್ಟರು. ಬಹಳ ವರ್ಷಗಳ ಮೇಲೆ ಅಷ್ಟು ಜನ ನನ್ನ ಮುಂದೆ ನಿಂತಿದ್ದರು. ಮಿರ್ಜಾನ ಕಥೆಯನ್ನು ಹುಟ್ಟಿನಿಂದ ಎತ್ತಿಕೊಂಡೆ, ಒಂದೊಂದು ಮಾತಿಗೂ ಶಿಳ್ಳೆ. ಕೊರತೆಯ ಮಾತು ಬರಬೇಕಾದ ಜಾಗ ಬಂದಾಗ ಅದನ್ನು ದಾಟಿದೆ. ನಾಯಕನ ಪ್ರವೇಶದಲ್ಲಿ ಯಾರಾದರೂ ಅವನ ರೋಗದ ಸುದ್ದಿ ಹೇಳುತ್ತಾರೆಯೇ ಎಂದುಕೊಂಡೆ. ಅದೇ ಹೊತ್ತಿಗೆ ಆಯನೂರಿನ ಶಶಿಧರ ತನ್ನ ಹೆಣ್ಣು ಕುದುರೆಯನ್ನು ಹಿಡಿದುಕೊಂಡು ಜನರ ನಡುವೆ ಬಂದ. ಮದುವೆಗಳಿಗೆ ಕುದುರೆ ಒದಗಿಸುವ ಹುಡುಗ, ಅವನ ಹತ್ತಿರ ಇರುವುದು ಅದೊಂದೇ. 'ಸುಬ್ಬಪ್ಪಣ್ಣ, ಇವಳು ಬೆದೆಗೆ ಬಂದಿದಾಳೆ. ಇವತ್ತೇ ಆಗ್ಲಿ, ಇಷ್ಟು ಜನದ ಆಶೀರ್ವಾದ ಸಿಗುತ್ತೆ' ಎಂದ. ನಾನು ಮೈಕಿನಲ್ಲಿ ಸ್ವಯಂವರ ಘೋಷಿಸಿಬಿಟ್ಟೆ. ಯಾರೋ ಓಡಿಹೋಗಿ ಅಂಗಡಿಯಿಂದ ಬಾಸಿಂಗ ತಂದರು. ಹೆಣ್ಣಿನ ಹಣೆಗೆ ನಾನೇ ಬಾಸಿಂಗ ಕಟ್ಟಿದೆ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದೆ. ಬ್ಯಾಂಡಿನವರು ಗಟ್ಟಿಮೇಳ ಬಾರಿಸಿದರು. ಪುಷ್ಪಾ ಹಿತ್ತಿಲ ಬಾಗಿಲಲ್ಲಿ ನಿಂತು, 'ರೀ, ಬಾವ ಹೇಳಿದ್ದು ನೆನಪಿದೆಯಾ' ಎಂದು ಎರಡು ಸಲ ಕೇಳಿದಳು. ಮಂಗಳಕಾರ್ಯದಲ್ಲಿ ಅಡ್ಡ ಮಾತಾಡಬಾರದು ಎಂದು ಮೈಕಿನಲ್ಲೇ ಹೇಳಿ ಅವಳನ್ನೂ ನಗೆಪಾಟಲು ಮಾಡಿದೆ. ಹಿತ್ತಿಲ ಗೇಟು ತೆಗೆಸಿದೆ.

ಎಲ್ಲ ಮುಗಿದು ಜನ ಕರಗಿದ ಮೇಲೆ ಬಾಸಿಂಗ ಬಿಚ್ಚಿದೆ. ಮುಂಗೂದಲು ಬೆವರಿಗೆ ಒದ್ದೆಯಾಗಿ ಪಕ್ಕಕ್ಕೆ ಸರಿದಿತ್ತು. ಎಡಗಣ್ಣಿನ ಕಡೆಗೆ ವಾಲಿದ ಜೋಡಿ ಸುಳಿ. ಮಿರ್ಜಾನ ಹಣೆಯದ್ದೇ ಅಚ್ಚು. ಶಶಿಧರ ಪಕ್ಕದಲ್ಲೇ ನಿಂತು ಬಕೆಟ್ಟಿನಲ್ಲಿ ನೀರು ಕುಡಿಸುತ್ತಿದ್ದ. ನಾನು ಕೈಯಿಂದ ಕೂದಲು ಸವರಿ ಸುಳಿಯ ಮೇಲೆ ಇಳಿಬಿಟ್ಟು, ಹೋಗಿ ಬಾ ಮಗನೇ ಎಂದು ಹರಸಿ ಕಳಿಸಿದೆ. ಹೌದು ಅಣ್ಣಾ, ಹರಸಿ ಕಳಿಸಿದೆ.

ಆ ದಿನದಿಂದ ಮಿರ್ಜಾನಿಗೆ ಕಡಲೆ ಇಡುವಾಗ ಅವನ ಮುಖ ನೋಡಲು ನನ್ನಿಂದ ಆಗುತ್ತಿಲ್ಲ. ಗರ್ಭ ನಿಂತಿರಲಿಕ್ಕಿಲ್ಲ ಎಂದುಕೊಂಡೆ. ನಿಂತಿದೆ, ಶಶಿಧರ ಮಾಡಿಸಿದ ಸ್ಕ್ಯಾನಿನಲ್ಲಿ ಕಂಡಿದೆ. ನಿಂತರೂ ರೋಗ ಬರಲೇಬೇಕೆಂದಿಲ್ಲವಲ್ಲ ಎಂದುಕೊಂಡೆ. ಡಾಕ್ಟರ್ ವಿಷ್ಣುಪ್ರಸಾದರನ್ನು ಯಾರದೋ ಕುದುರೆಯ ಕಥೆ ಎನ್ನುವ ಹಾಗೆ ಕೇಳಿದೆ. 'ಬರದೇನೂ ಇರಬಹುದು. ಆದ್ರೆ ಬೇಡ ಅನ್ನೋದಾದ್ರೆ ತಿಂಗಳು ದಾಟೋದ್ರೊಳಗೆ ಒಂದು ಇಂಜೆಕ್ಷನ್ನಲ್ಲಿ ಮುಗಿಯುತ್ತೆ. ಆಮೇಲೆ ತೆಗೆಸೋಕೆ ಹೋದ್ರೆ ಆ ಕುದುರೆಗೇ ಅಪಾಯ' ಎಂದರು. ಆಮೇಲೆ 'ಯಾರ ಕುದುರೆ ಸುಬ್ಬಪ್ಪನವರೇ' ಎಂದು ಕೇಳಿದರು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ತಿಂಗಳು ತುಂಬಲು ಈಗ ಹೆಚ್ಚು ದಿನಗಳಿಲ್ಲ. ಶಶಿಧರನಿಗೆ ಹೇಳಿದರೆ ನಿನ್ನ ಗೇಟಿನ ಹೆಸರು ಹೋಗುತ್ತದೆ, ನೀನು ಇಷ್ಟು ವರ್ಷ ಒಬ್ಬೊಬ್ಬರ ಹತ್ತಿರವೂ ನಿಜ ಹೇಳಿ ಗಳಿಸಿದ ಹೆಸರು. ಹೇಳದಿದ್ದರೆ ಅವನ ಅಂಗಳದಲ್ಲಿ ಇನ್ನೊಂದು ಮರಿ ಕೆಚ್ಚಲು ಹುಡುಕುತ್ತಾ ಬೀಳಬಹುದು. ಏನು ಮಾಡಲಿ ಎಂದು ನಿನ್ನನ್ನೇ ಕೇಳುತ್ತಿದ್ದೇನೆ. ನೀನು ಹೇಳಿದ ಹಾಗೆ ನಡೆಯುತ್ತೇನೆ. ಬೈಯುವುದಾದರೆ ಎಲ್ಲರೆದುರಿಗೇ ಬೈದು ಬಿಡು.

ಅತ್ತಿಗೆಗೆ ನನ್ನ ನಮಸ್ಕಾರ. ಪೂಜಿತಾ, ಅಳಿಯಂದಿರಿಗೆ, ಮಕ್ಕಳಿಗೆ ನನ್ನ ಆಶೀರ್ವಾದ, ಅದನ್ನು ಇಟ್ಟುಕೊಳ್ಳಲು ನಿಮಗೆ ಇನ್ನೂ ಮನಸ್ಸಿದ್ದರೆ.

ನಿನ್ನ ತಮ್ಮ,
ಸುಬ್ಬಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಶಶಿಧರನ ಫೋನ್ ಬಂತು. ಮದುವೆ ಸೀಸನ್ನಿನ ಬುಕಿಂಗ್ ಎಲ್ಲ ಬೇಡ ಅಂದುಬಿಟ್ಟನಂತೆ. ಬಸಿರಿಯ ಮೇಲೆ ಯಾರನ್ನೂ ಕೂರಿಸುವುದಿಲ್ಲವಂತೆ. 'ನಿಮ್ಮ ಕೈಯಾರೆ ಬಾಸಿಂಗ ಕಟ್ಟಿದ್ರಲ್ಲ ಸುಬ್ಬಪ್ಪಣ್ಣ, ಅದಕ್ಕೇ ನಿಂತಿದ್ದು' ಎಂದ. ಅಣ್ಣಾ, ಮೇಲೆ ಬರೆದದ್ದರಲ್ಲಿ ಒಂದು ಮಾತು ಸುಳ್ಳು. ಸುಳಿ ನನಗೆ ಕಂಡದ್ದು ಬಾಸಿಂಗ ಬಿಚ್ಚುವಾಗ ಅಲ್ಲ, ಕಟ್ಟುವಾಗ. ಕೂದಲು ಎತ್ತಿದ್ದೆ, ನೋಡಿದ್ದೆ, ಜನ ಕಾಯುತ್ತಿದ್ದರು. ಬಾಸಿಂಗವನ್ನು ಎರಡು ಬೆರಳು ಕೆಳಕ್ಕೆ ಸರಿಸಿ ಸುಳಿಯ ಮೇಲೆಯೇ ಬಿಗಿದು ಕಟ್ಟಿದೆ. ಇದು ನಿನ್ನನ್ನು ಕೇಳಿ ಮಾಡುವ ಕೆಲಸವಲ್ಲ ಎಂದು ಈಗ ತಿಳಿಯಿತು, ಉತ್ತರ ಬರೆಯಬೇಡ. ವಿಷ್ಣುಪ್ರಸಾದರಿಗೆ ಕುದುರೆ ಯಾರದ್ದೆಂದು ಈಗಷ್ಟೇ ಫೋನ್ ಮಾಡಿ ಹೇಳಿದೆ, ಜೊತೆಗೆ ಬರುತ್ತಾರೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಆಯನೂರಿಗೆ ಹೋಗಿ, ಶಶಿಧರನ ಕೈಯನ್ನು ಹಿಡಿದು ಆ ಕುದುರೆಯ ಹಣೆಯ ಮೇಲೆ ಇಡಿಸಿ, ಕಟ್ಟುವಾಗಲೇ ನೋಡಿದ್ದೆ ಎಂದು ಮೆಲ್ಲಗೆ ಹೇಳುತ್ತೇನೆ.