ಹನ್ನೊಂದು ದಿನ ತಡವಾಗಿ ಬಂದ ಮಾತ್ರೆ

ಶಹಾಬಾದ, ೨೧೮೭, ಬೇಸಿಗೆಯ ಹದಿಮೂರನೆಯ ವಾರ

ನಿಮ್ಮ ಕಾಲದ ಮಕ್ಕಳ ವೈದ್ಯರಿಗೆ,

ಈ ತಾರೀಕನ್ನು ನೀವು ನಂಬಲಾರಿರಿ. ನನ್ನ ಕನ್ನಡವೂ ಅಲ್ಲಲ್ಲಿ ಒಗರೆನಿಸೀತು. ಮನ್ನಿಸಬೇಕು. ನಾನು ಇಂದುಮತಿ, ಇಲ್ಲಿನ ಮಕ್ಕಳ ವಾರ್ಡಿನ ವೈದ್ಯೆ. ಮೆದುಳಿನ ಕ್ಷಯ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಬಿಸಿಲಿಗೆ ಹೆದರಿ ನಾವು ಹಳೆಯ ಕಲ್ಲುಗಣಿಗಳೊಳಗೆ ಇಳಿದು ಬಾಳುತ್ತಿದ್ದೇವೆ. ಅಲ್ಲಿ ಕೊರೆದ ಬೀದಿಗಳಿಗೆ ತಂಪೋಣಿ ಎನ್ನುತ್ತೇವೆ. ಎಲ್ಲ ಮನೆಗೂ ಒಂದೇ ಕೊಳವೆಯ ಗಾಳಿ. ಒಬ್ಬರ ಕೆಮ್ಮು ಎಲ್ಲರ ಪಾಲು. ಅಂಥದೊಂದು ಓಣಿಯಿಂದ ಕಲ್ಲು ನಯಮಾಡುವ ನೀಲಮ್ಮ ತನ್ನ ಐದು ವರ್ಷದ ಮಗಳು ಸುಗಲಾಳನ್ನು ಹೊತ್ತು ತಂದಳು. ಹದಿನೈದು ದಿನದಿಂದ ಜ್ವರ, ವಾಂತಿ, ತಲೆನೋವು. ಬೆನ್ನುಹುರಿಯ ನೀರು ತೆಗೆದು ಪರೀಕ್ಷಿಸಿ ಕ್ಷಯದ ಮದ್ದು, ಜೊತೆಗೆ ಬಾವು ಇಳಿಸುವ ಸ್ಟಿರಾಯ್ಡ್ ಕೊಟ್ಟೆವು. ವಾರದಲ್ಲಿ ಎದ್ದು ಕೂತಳು, ಅಂಬಲಿ ಬೇಡಿ ಕುಡಿದಳು. ಐದನೆಯ ವಾರ ಮತ್ತೆ ಮಂಕಾದಳು. ಮದ್ದಿಗೆ ಕ್ಷಯದ ಕ್ರಿಮಿ ಸಾಯುತ್ತಿತ್ತು, ಆದರೆ ಸತ್ತ ಕ್ರಿಮಿಯ ಮೇಲೂ ಮೈ ಕಾದಾಡುತ್ತಿತ್ತು. ಕಣ್ಣಿನ ನರದ ಸುತ್ತ ಬಾವು ಕಟ್ಟಿತ್ತು. ಸ್ಟಿರಾಯ್ಡ್ ಹೆಚ್ಚಿಸಿದೆ, ಬಾವು ಇಳಿಯಲಿಲ್ಲ. ಒಂದು ಮಧ್ಯಾಹ್ನ ಅವಳು ತಾಯಿಯ ಮುಖ ತಡವಿ, "ಯವ್ವಾ, ದೀಪ ಯಾಕ ಹಚ್ಚಿಲ್ಲ?" ಎಂದಳು. ದೀಪ ಉರಿಯುತ್ತಲೇ ಇತ್ತು.

ಇಂಥ ಮಕ್ಕಳ ಬಾವು ಇಳಿಸಲು ಥಾಲಿಡೊಮೈಡ್ ಎಂಬ ಹಳೆಯ ಮಾತ್ರೆಯಿದೆ. ಹಿಂದೊಮ್ಮೆ ಬಸುರಿಯರು ನುಂಗಿ, ಕೂಸುಗಳು ಕೈಕಾಲು ಮೊಟಕಾಗಿ ಹುಟ್ಟಿದ್ದರಿಂದ ಅದನ್ನು ಬೀಗದೊಳಗೆ ಇಟ್ಟಿದ್ದಾರೆ. ಬೀಗ ತೆಗೆಯಬೇಕಾದ ಆಸ್ಪತ್ರೆಯ ಹಿರಿಯರು ನನ್ನನ್ನು ಕೇಳಿದರು: ಎಷ್ಟು ಮಕ್ಕಳಿಗೆ ಕೊಟ್ಟು ನೋಡಿದ್ದಾರೆ? ಯಾವ ಪ್ರಮಾಣ? ಎಷ್ಟು ದಿನ? ನಿಮ್ಮ ಕಾಲದಿಂದ ಉಳಿದು ಬಂದ ಹಾಳೆಗಳಲ್ಲಿ ಹುಡುಕಿದೆ. ಅಲ್ಲೊಂದು ಇಲ್ಲೊಂದು ಮಗು, ಮುಂದೆ 'ಸುಧಾರಿಸಿತು' ಎಂಬ ಒಂದೇ ಪದ. ಅವರನ್ನು ಒಪ್ಪಿಸುವಷ್ಟರಲ್ಲಿ ಹನ್ನೊಂದು ದಿನ ಕಳೆದವು.

ಮಾತ್ರೆ ಬಂದ ಮೇಲೆ ತಲೆನೋವು ನಿಂತಿತು, ಬಾವು ಕರಗಿತು. ಸುಗಲಾ ಗೋಡೆ ಹಿಡಿದು ನಡೆದಳು. ನೋಟ ಮಾತ್ರ ಮರಳಲಿಲ್ಲ.

ಮನೆಗೆ ಹೊರಟ ದಿನ ನೀಲಮ್ಮ ಕೇಳಿದಳು, "ಈ ಗುಳಗಿ ಮದ್ಲೇ ಗೊತ್ತಿತ್ತೇನ್ರಿ, ಅಕ್ಕಾರ?"

"ಗೊತ್ತಿತ್ತವ್ವ," ಎಂದೆ.

"ಮತ್ ಯಾಕ ತಡಾ ಆಯ್ತ್ರಿ?"

ಅವಳು ಕೇಳಿದಳಷ್ಟೆ, ಬೈಯಲಿಲ್ಲ. ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಈ ವಾರ ಎರಡು ವರ್ಷದ ಮಗುವೊಂದು ಇದೇ ಬೇನೆಯಿಂದ ಬಂದಿದೆ. ಸ್ಟಿರಾಯ್ಡ್ ಅದಕ್ಕೂ ನಾಟುತ್ತಿಲ್ಲ. ಹಿರಿಯರು ಬೀಗದ ಕೈಯನ್ನು ಈಗ ನನಗೇ ಒಪ್ಪಿಸಿದ್ದಾರೆ, ಆದರೆ ಇಷ್ಟು ಚಿಕ್ಕ ಜೀವಕ್ಕೆ ಎಷ್ಟು ಕೊಡಬೇಕೆಂದು ತಿಳಿಯದು. ಮುಂದೆ ನಮ್ಮ ಕೈಗೆ ಸಿಗುವಂತೆ ನೀವು ಬರೆದಿಡಿ: ಮಗುವಿನ ತೂಕ, ಪ್ರಮಾಣ, ದಿನ, ಕಣ್ಣು ಉಳಿಯಿತೋ ಇಲ್ಲವೋ. ಸತ್ತ ಮಕ್ಕಳನ್ನೂ ಬರೆಯಿರಿ. ಈ ಕಾಗದ ನಿಮ್ಮನ್ನು ಮುಟ್ಟೀತೆಂಬ ನಂಬಿಕೆ ನನಗಿಲ್ಲ. ಆದರೂ ಬರೆದೆ, ಮಗು ಎದುರಿನ ಮಂಚದಲ್ಲಿ ನರಳುತ್ತಿದೆ, ಕೇಳೋಣವೆಂದರೆ ನನಗೆ ಬೇರೆ ಯಾರೂ ಇಲ್ಲ.